ಐದು ಜನ, ಆರು ತುಂಡು: ಸೌದೆ ಒಲೆಯ ಪಿಜ್ಜಾ ಊಟ

ಸೌದೆ ಒಲೆಯಲ್ಲಿ ಬೆಂದ ಪಿಜ್ಜಾ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮೇಲ್ಭಾಗ ನೋಡಿ ಹೇಳುವವರ ಮಾತನ್ನು ನಾನು ಪೂರ್ತಿಯಾಗಿ ನಂಬುವುದಿಲ್ಲ. ಟೊಮೆಟೊದ ಕೆಂಪು, ಚೀಸ್‌ನ ಬಿಳುಪು, ಬೇಸಿಲ್ ಎಲೆಯ ಹಸಿರು ಯಾವ ಒಲೆಯಿಂದ ಬಂದರೂ ಕಣ್ಣಿಗೆ ಹಬ್ಬವೇ. ತುಂಡೊಂದರ ಅಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ, ತುಸು ಬಗ್ಗಿ, ಅದರ ತಳವನ್ನು ನೋಡಬೇಕು. ತಳ ಒಣಗಿದ್ದು, ಹೊಂಬಣ್ಣದ ನಡುವೆ ಅಲ್ಲಲ್ಲಿ ಕಡುಗಂದು ಚುಕ್ಕೆಗಳಿದ್ದರೆ ಒಲೆಯ ಹಾಸುಗಲ್ಲು ಸರಿಯಾಗಿ ಕಾದಿತ್ತೆಂದು ಅರ್ಥ. ಬಿಳಿಚಿಕೊಂಡು ಮೆತ್ತಗಿದ್ದರೆ ಮೇಲೆ ಎಷ್ಟೇ ಚಂದ ಕಂಡರೂ ಏನೋ ಎಡವಟ್ಟಾಗಿದೆಯೆಂದು ಅರ್ಥ. ಕಳೆದ ವಾರಾಂತ್ಯದಲ್ಲಿ ನಾವು ಐವರು ಗೆಳೆಯರು ಸೌದೆ ಒಲೆಯ ಪಿಜ್ಜಾಕ್ಕೆಂದೇ ಮೀಸಲಾದ ರೆಸ್ಟೋರೆಂಟ್ ಒಂದರಲ್ಲಿ ಸುಮಾರು ಮೂರು ಗಂಟೆ ಕುಳಿತು ಊಟ ಮಾಡಿದೆವು. ಅಲ್ಲಿ ನಾನು ಈ ಪರೀಕ್ಷೆಯನ್ನು ಆರು ಸಲ ಮಾಡಿದೆ. ಐದು ಸಲ ಒಲೆ ಗೆದ್ದಿತು, ಒಂದು ಸಲ ಸೋತಿತು. ಬಡಿಸುವ ವ್ಯವಸ್ಥೆ ಮಾತ್ರ ಒಲೆಗಿಂತ ಹೆಚ್ಚು ಸಲ ಸೋತಿತು.

ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದೇ ಆ ಒಲೆ. ಇಟ್ಟಿಗೆಯ ಗುಮ್ಮಟ, ಮುಂದೆ ಗಿಡ್ಡನೆಯ ಬಾಯಿ, ಒಳಗೆ ಒಂದು ಪಕ್ಕಕ್ಕೆ ಒತ್ತರಿಸಿದ ಕೆಂಡದ ರಾಶಿ, ಅದರ ಮೇಲೆ ಆಗಷ್ಟೇ ಹಾಕಿದ ಸೌದೆಯಿಂದ ಎದ್ದು ಗುಮ್ಮಟದ ಒಳಮೈಯನ್ನು ನೆಕ್ಕುತ್ತಾ ಬಾಗುವ ಜ್ವಾಲೆ. ಗುಮ್ಮಟದ ಒಳಭಾಗ ಬೆಳ್ಳಗಿದ್ದುದನ್ನು ನಾನು ಗಮನಿಸಿದೆ. ಬೆಂಕಿ ಹೊತ್ತಿಸಿದ ಆರಂಭದಲ್ಲಿ ಹೊಗೆಯ ಮಸಿ ಕಟ್ಟಿ ಆ ಇಟ್ಟಿಗೆಗಳೆಲ್ಲ ಕಪ್ಪಾಗಿರುತ್ತವೆ. ಕಾವು ಸಾಕಷ್ಟು ಏರಿದಾಗ ಆ ಮಸಿಯೇ ಸುಟ್ಟುಹೋಗಿ ಇಟ್ಟಿಗೆ ಮತ್ತೆ ಬಿಳುಪಿಗೆ ತಿರುಗುತ್ತದೆ. ಉಷ್ಣಮಾಪಕವಿಲ್ಲದ ಕಾಲದಿಂದಲೂ ಒಲೆ ಸಿದ್ಧವಾಯಿತೆಂಬುದಕ್ಕೆ ಬಾಣಸಿಗರು ನಂಬಿಕೊಂಡು ಬಂದಿರುವ ಗುರುತು ಇದು. ಸಂಜೆಯ ಮೊದಲ ಪಿಜ್ಜಾಕ್ಕಾಗಿ ಮಧ್ಯಾಹ್ನವೇ ಬೆಂಕಿ ಹಾಕುತ್ತಾರಂತೆ. ನಾವು ಏಳು ಗಂಟೆಗೆ ಹೋದಾಗ ಒಲೆ ತನ್ನ ಪೂರ್ಣ ಕಾವಿನಲ್ಲಿತ್ತು, ಅರ್ಧದಷ್ಟು ಮೇಜುಗಳು ಖಾಲಿಯಿದ್ದವು, ನಮಗೆ ಒಲೆಯ ಎದುರಿನ ಮೇಜೇ ಸಿಕ್ಕಿತು. ಸೆಕೆಯಾಗುತ್ತದೆಂದು ಗೆಳತಿಯೊಬ್ಬಳು ಗೊಣಗಿದಳು. ಅವಳು ಹೇಳಿದ್ದು ನಿಜವೇ ಆಗಿದ್ದರೂ ನಾನು ಜಾಗ ಬಿಟ್ಟುಕೊಡಲಿಲ್ಲ, ಏಕೆಂದರೆ ಇಂಥ ಕಡೆ ಒಲೆಗೂ ತಟ್ಟೆಗೂ ನಡುವೆ ಎಷ್ಟು ಹೆಜ್ಜೆಗಳಿವೆ ಎಂಬುದರ ಮೇಲೆಯೇ ಊಟದ ಅರ್ಧ ಗುಣ ನಿಂತಿರುತ್ತದೆ.

ಮನೆಯ ವಿದ್ಯುತ್ ಓವನ್‌ಗಳು ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲುತ್ತವೆ. ಇಟಲಿಯ ನೇಪಲ್ಸ್ ನಗರದ ಶೈಲಿಯ ಸೌದೆ ಒಲೆಯೊಳಗಿನ ಕಾವು 400 ಡಿಗ್ರಿಯನ್ನೂ ದಾಟಿರುತ್ತದೆ. ಆ ಕಾವಿನಲ್ಲಿ ಪಿಜ್ಜಾ ಬೇಯಲು ಬೇಕಾಗುವುದು 60ರಿಂದ 90 ಸೆಕೆಂಡುಗಳು ಮಾತ್ರ. ಹಾಸುಗಲ್ಲು ಕೆಳಗಿನಿಂದ ಸುಡುತ್ತದೆ, ಗುಮ್ಮಟವು ಮೇಲಿನಿಂದ ಶಾಖವನ್ನು ಸುರಿಯುತ್ತದೆ, ಒಳಗೆ ಸುತ್ತುವ ಬಿಸಿಗಾಳಿ ಅಂಚನ್ನು ಉಬ್ಬಿಸುತ್ತದೆ. ಇಷ್ಟು ಕಾವಿನಲ್ಲಿಯೂ ತಳ ಸೀದು ಕರಕಲಾಗದಿರುವುದಕ್ಕೆ ಕಾರಣ ಹಾಸುಗಲ್ಲಾಗಿರುವ ಇಟ್ಟಿಗೆ. ಉಕ್ಕಿನ ತಟ್ಟೆ ತನ್ನ ಶಾಖವನ್ನು ಒಮ್ಮೆಲೇ ಹಿಟ್ಟಿಗೆ ದಾಟಿಸಿಬಿಡುತ್ತದೆ; ಇಟ್ಟಿಗೆ ಅದನ್ನು ಜಿಪುಣನಂತೆ ತಡೆತಡೆದು ಕೊಡುತ್ತದೆ. ಹಾಗಾಗಿ ತಳವೂ ಮೇಲ್ಭಾಗವೂ ಒಂದೇ ಹೊತ್ತಿಗೆ ಬೇಯುತ್ತವೆ, ಹಿಟ್ಟಿನೊಳಗಿನ ತೇವ ಪೂರ್ತಿ ಆರಿಹೋಗುವ ಮೊದಲೇ ಪಿಜ್ಜಾ ಹೊರಬರುತ್ತದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಎಂಬ ಆ ಗುಣ ಬರುವುದು ಈ ಅವಸರದಿಂದಲೇ. ಸೌದೆಯ ಹೊಗೆಯಿಂದ ರುಚಿ ಬರುತ್ತದೆಂದು ನಮ್ಮ ಮೇಜಿನಲ್ಲಿಯೂ ಒಬ್ಬರು ಹೇಳಿದರು. ಚೆನ್ನಾಗಿ ಒಣಗಿದ ಗಟ್ಟಿ ಸೌದೆ ಉರಿಯುವಾಗ ಹೊಗೆಯೇ ಅಷ್ಟಾಗಿ ಇರುವುದಿಲ್ಲ, ಒಂದೂವರೆ ನಿಮಿಷದಲ್ಲಿ ಅದು ಹಿಟ್ಟಿಗೆ ಹತ್ತುವುದೂ ಕಡಿಮೆ. ನಾವು ಹೊಗೆಯ ರುಚಿ ಎಂದುಕೊಳ್ಳುವುದು ಬಹುಮಟ್ಟಿಗೆ ಅಂಚಿನ ಮೇಲೆ ಸುಟ್ಟ ಚುಕ್ಕೆಗಳ ರುಚಿ. ಆ ಗೆಳೆಯ ನನ್ನ ಮಾತನ್ನು ಒಪ್ಪಲಿಲ್ಲ, ಇನ್ನೂ ಒಪ್ಪಿಲ್ಲ.

ಮೊದಲ ತಪ್ಪು ನಮ್ಮದೇ. ಹಸಿವಿನ ಭರದಲ್ಲಿ ಮೂರು ಪಿಜ್ಜಾಗಳನ್ನು ಒಟ್ಟಿಗೆ ಹೇಳಿದೆವು: ಒಂದು ಮಾರ್ಗರಿಟಾ, ಒಂದು ಅಣಬೆಯದು, ಇನ್ನೊಂದು ನಾಲ್ಕು ಬಗೆಯ ಚೀಸ್‌ನದು. ಪರಿಚಾರಕಿ ಬರೆದುಕೊಂಡು ಹೋದಳು. ಒಂದೊಂದಾಗಿ ತರಲೇ, ಒಟ್ಟಿಗೆ ತರಲೇ ಎಂದು ಕೇಳಲಿಲ್ಲ. ಒಂದೂವರೆ ನಿಮಿಷದಲ್ಲಿ ಬೇಯುವ ತಿನಿಸನ್ನು ಮಾರುವ ರೆಸ್ಟೋರೆಂಟು ಐದು ಜನರ ಗುಂಪಿಗೆ ತಪ್ಪದೆ ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ನನಗನ್ನಿಸುತ್ತದೆ. ಮೂರೂ ಒಟ್ಟಿಗೆ ಬಂದು ಮೇಜನ್ನು ತುಂಬಿದವು. ಲೋಟಗಳನ್ನು ಪಕ್ಕಕ್ಕೆ ಸರಿಸುವುದರಲ್ಲಿ, ಎಲ್ಲರೂ ಬಾಗಿ ಫೋಟೋ ತೆಗೆಯುವುದರಲ್ಲಿ, ಯಾರಿಗೆ ಯಾವುದು ಮೊದಲು ಎಂದು ತೀರ್ಮಾನಿಸುವುದರಲ್ಲಿ ನಾಲ್ಕು ನಿಮಿಷ ಕಳೆಯಿತು. ಮಾರ್ಗರಿಟಾ ಬಿಸಿಯಿರುವಾಗಲೇ ಖಾಲಿಯಾಯಿತು. ಅಣಬೆಯದು ಬೆಚ್ಚಗಿತ್ತು. ನಾಲ್ಕು ಚೀಸ್‌ಗಳ ಸರದಿ ಬರುವ ಹೊತ್ತಿಗೆ ಅದರ ಮೇಲೆ ಜಿಡ್ಡು ತೇಲಿ, ಚೀಸ್ ರಬ್ಬರಿನಂತೆ ಬಿಗಿದುಕೊಂಡು, ತಟ್ಟೆಗೆ ತಾಗಿದ ತಳ ತನ್ನದೇ ಆವಿಯಲ್ಲಿ ನೆನೆದು ಮೆದುವಾಗಿತ್ತು. ತಳವನ್ನು ಎತ್ತಿ ನೋಡಿದೆ: ಚುಕ್ಕೆಗಳೆಲ್ಲ ಇದ್ದವು, ಬೇಯಿಸಿದವರ ತಪ್ಪು ಏನೂ ಇರಲಿಲ್ಲ. ಅದು ನಮ್ಮ ಕಣ್ಣೆದುರೇ ಕೆಟ್ಟಿತ್ತು.

ಆದರೂ ಆ ಮಾರ್ಗರಿಟಾದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕು. 1889ರಲ್ಲಿ ನೇಪಲ್ಸಿಗೆ ಬಂದಿದ್ದ ಇಟಲಿಯ ರಾಣಿ ಮಾರ್ಗರಿಟಾಳಿಗಾಗಿ ರಫಾಯೆಲೆ ಎಸ್ಪೊಸಿತೊ ಎಂಬ ಬಾಣಸಿಗ ಇದನ್ನು ಮಾಡಿದನೆಂಬ ಕಥೆಯನ್ನು ಎಲ್ಲ ಪಿಜ್ಜಾ ಅಂಗಡಿಗಳಂತೆ ಇಲ್ಲಿಯೂ ಮೆನುವಿನ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಇತಿಹಾಸಕಾರರಲ್ಲಿ ಹಲವರು ಆ ಕಥೆಯನ್ನು ಅನುಮಾನಿಸುತ್ತಾರೆ ಎಂಬುದನ್ನು ಅಚ್ಚು ಹಾಕಿಸಿಲ್ಲ. ಮೆನುವಿನಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ನಮ್ಮ ಮುಂದಿದ್ದ ಪಿಜ್ಜಾ ಮಾತ್ರ ಯಾವ ಕಥೆಯ ಹಂಗೂ ಇಲ್ಲದೆ ನಿಲ್ಲುವಂಥದ್ದಾಗಿತ್ತು. ಅಂಚು ಒಂದೂವರೆ ಸೆಂಟಿಮೀಟರಿನಷ್ಟು ಉಬ್ಬಿತ್ತು, ಚಿರತೆಯ ಮೈಯಂತೆ ಚುಕ್ಕೆಚುಕ್ಕೆಯಾಗಿ ಸುಟ್ಟಿತ್ತು. ಅದನ್ನು ಹರಿದಾಗ ಒಳಗೆ ಸಮವಲ್ಲದ ದೊಡ್ಡ ಸಣ್ಣ ಗಾಳಿಗೂಡುಗಳು ಕಂಡವು, ಒಂದೆಳೆ ಬಿಸಿ ಆವಿ ಹೊರಬಂತು, ಹುದುಗಿದ ಹಿಟ್ಟಿನ ತಿಳಿಹುಳಿ ವಾಸನೆ ಮೂಗಿಗೆ ಬಡಿಯಿತು. ಟೊಮೆಟೊ ಸಾಸ್ ಎನ್ನುವುದಕ್ಕಿಂತ ಜಜ್ಜಿದ ಟೊಮೆಟೊ ಎಂದರೆ ಹೆಚ್ಚು ಸರಿ. ಅದನ್ನು ಮೊದಲೇ ಕುದಿಸಿರಲಿಲ್ಲ, ಆದ್ದರಿಂದ ಅದರ ಹುಳಿ ಇನ್ನೂ ಚುರುಕಾಗಿತ್ತು. ನಡುಭಾಗ ಎಷ್ಟು ತೆಳುವಾಗಿತ್ತೆಂದರೆ ತುಂಡನ್ನು ಎತ್ತಿದರೆ ತುದಿ ಕೆಳಗೆ ಬಾಗಿ ರಸ ತೊಟ್ಟಿಕ್ಕುತ್ತಿತ್ತು. ಇದನ್ನು ಕುಂದೆಂದು ಹೇಳುವವರುಂಟು. ನೇಪಲ್ಸ್ ಶೈಲಿಯಲ್ಲಿ ನಡುಭಾಗ ಮೆದುವಾಗಿ, ಮಡಿಸಲು ಬರುವಂತೆ ಇರಬೇಕಾದದ್ದೇ ಲಕ್ಷಣ. ನೆಟ್ಟಗೆ ಹಲಗೆಯಂತೆ ನಿಲ್ಲುವ ತುಂಡು ಬೇಕೆನ್ನುವವರು ಬೇರೆ ಶೈಲಿಯ ಅಂಗಡಿಯನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ಈ ಶೈಲಿಗೆ ಕಟ್ಟಳೆಗಳೂ ಇವೆ. ನೇಪಲ್ಸಿನಲ್ಲಿ 1984ರಲ್ಲಿ ಹುಟ್ಟಿದ ಸಂಘವೊಂದು ಹಿಟ್ಟು, ಹುದುಗು, ಒಲೆ ಎಲ್ಲದಕ್ಕೂ ನಿಯಮ ಬರೆದಿದೆ; 2010ರಲ್ಲಿ ಯುರೋಪಿಯನ್ ಒಕ್ಕೂಟವು ನೇಪಲ್ಸ್ ಪಿಜ್ಜಾವನ್ನು ಸಾಂಪ್ರದಾಯಿಕ ವಿಶೇಷ ತಿನಿಸೆಂದು ನೋಂದಾಯಿಸಿತು; 2017ರಲ್ಲಿ ಯುನೆಸ್ಕೊ ಅಲ್ಲಿನ ಪಿಜ್ಜಾ ಬಾಣಸಿಗರ ಕಲೆಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದದ್ದೆಂದರೆ ಯುನೆಸ್ಕೊ ಮನ್ನಣೆ ಕೊಟ್ಟದ್ದು ತಿನಿಸಿಗಲ್ಲ, ಕೈಗೆಲಸಕ್ಕೆ. ಒಲೆಯ ಎದುರು ಕುಳಿತ ನಮಗೆ ಆ ಕೈಗೆಲಸ ಪುಕ್ಕಟೆಯಾಗಿ ನೋಡಲು ಸಿಕ್ಕಿತು. ಬಾಣಸಿಗ ಲಟ್ಟಣಿಗೆಯನ್ನು ಮುಟ್ಟುತ್ತಿರಲಿಲ್ಲ. ಹಿಟ್ಟಿನ ಉಂಡೆಯನ್ನು ಬೆರಳ ತುದಿಗಳಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ, ಒಳಗಿನ ಗಾಳಿಯನ್ನೆಲ್ಲ ಅಂಚಿಗೆ ಅಟ್ಟುತ್ತಾ, ಆ ಅಂಚನ್ನು ಮಾತ್ರ ಒಮ್ಮೆಯೂ ಒತ್ತದೆ ಬಿಡುತ್ತಿದ್ದ. ಲಟ್ಟಣಿಗೆ ಉರುಳಿಸಿದರೆ ಗಂಟೆಗಟ್ಟಲೆ ಹುದುಗಿ ಹುಟ್ಟಿದ ಗಾಳಿಯೆಲ್ಲ ಸೆಕೆಂಡುಗಳಲ್ಲಿ ಹೊರಟುಹೋಗಿ, ಅಂಚು ಬಿಸ್ಕತ್ತಿನಂತಾಗುತ್ತದೆ. ಒಲೆಯೊಳಗೆ ಇಟ್ಟ ಮೇಲೆ ಅವನು ಉದ್ದ ಹಿಡಿಯ ಚಿಕ್ಕ ಸಲಿಕೆಯಿಂದ ಪಿಜ್ಜಾವನ್ನು ಕಾಲುಸುತ್ತು, ಅರ್ಧಸುತ್ತು ತಿರುಗಿಸುತ್ತಿದ್ದ. ಬೆಂಕಿ ಒಂದೇ ಪಕ್ಕಕ್ಕೆ ಇರುವುದರಿಂದ ತಿರುಗಿಸದಿದ್ದರೆ ಒಂದು ಬದಿ ಇದ್ದಿಲು, ಇನ್ನೊಂದು ಬದಿ ಹಸಿ. ಕೊನೆಗೆ ಎರಡು ಮೂರು ಸೆಕೆಂಡು ಅದನ್ನು ಸಲಿಕೆಯ ಮೇಲೆಯೇ ಗುಮ್ಮಟದ ಹತ್ತಿರಕ್ಕೆ ಎತ್ತಿ ಹಿಡಿದು ಹೊರಗೆಳೆಯುತ್ತಿದ್ದ. ನಮ್ಮಲ್ಲೊಬ್ಬ ಗಡಿಯಾರ ಹಿಡಿದು ಲೆಕ್ಕ ಹಾಕಿದ: 82 ಸೆಕೆಂಡು.

ಎರಡನೆಯ ಸುತ್ತಿಗೆ ನಾವು ಪಾಠ ಕಲಿತಿದ್ದೆವು. ಇನ್ನು ಮುಂದೆ ಒಂದೊಂದೇ ತನ್ನಿ, ಮೊದಲಿನದು ಮುಗಿದ ಮೇಲೆಯೇ ಮುಂದಿನದನ್ನು ಒಲೆಗೆ ಹಾಕಿ ಎಂದು ಪರಿಚಾರಕಿಗೆ ಹೇಳಿದೆವು. ಅವಳು ಬೇಸರಪಟ್ಟುಕೊಳ್ಳದೆ ಒಪ್ಪಿದಳು. ಹಾಗೆ ಬಂದ ಮರಿನಾರಾ ಆ ರಾತ್ರಿಯ ಅತ್ಯುತ್ತಮ ಪಿಜ್ಜಾ ಎನ್ನುವುದರಲ್ಲಿ ಐವರಿಗೂ ಒಮ್ಮತವಿತ್ತು. ಐವರು ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದ ನೆನಪು ನನಗಿಲ್ಲ. ಮರಿನಾರಾದಲ್ಲಿ ಚೀಸ್ ಇರುವುದಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ಅಷ್ಟೇ. ಚೀಸ್ ಇಲ್ಲದ ಪಿಜ್ಜಾಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದು ಆರಂಭದಲ್ಲಿ ಮೂಗು ಮುರಿದವನೇ ಆರನೆಯ ತುಂಡಿಗೆ ಮೊದಲು ಕೈ ಚಾಚಿದ. ಹೊದಿಕೆ ಕಡಿಮೆಯಾದಷ್ಟೂ ಹಿಟ್ಟಿನ ಗುಣ ಎದ್ದು ಕಾಣುತ್ತದೆ. ಕುಂದಿದ್ದರೆ ಅದೂ ಎದ್ದು ಕಾಣುತ್ತದೆ, ಆದ್ದರಿಂದಲೇ ಹೊಸ ಅಂಗಡಿಯೊಂದನ್ನು ಅಳೆಯಲು ಮರಿನಾರಾಗಿಂತ ಒಳ್ಳೆಯ ಅಳತೆಗೋಲಿಲ್ಲ. ಬೆಳ್ಳುಳ್ಳಿಯನ್ನು ಇಲ್ಲಿ ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ ಹಾಕಿದ್ದರು. ಕೆಲವು ಬಿಲ್ಲೆಗಳ ಅಂಚು ಕಂದಾಗಿ ಸಿಹಿಗೆ ತಿರುಗಿತ್ತು, ಟೊಮೆಟೊದಲ್ಲಿ ಮುಳುಗಿದವು ಇನ್ನೂ ಖಾರವಾಗಿಯೇ ಇದ್ದವು. ಒಂದೇ ತುಂಡಿನಲ್ಲಿ ಎರಡೂ ಸಿಕ್ಕುತ್ತಿತ್ತು.

ಆರನೆಯ ತುಂಡಿನ ಕಥೆ ಹೇಳಿಯೇ ಮುಂದೆ ಹೋಗಬೇಕು. ಈ ರೆಸ್ಟೋರೆಂಟಿನಲ್ಲಿ ಪ್ರತಿ ಪಿಜ್ಜಾವನ್ನೂ ಆರು ತುಂಡು ಮಾಡಿ ಕೊಡುತ್ತಾರೆ. ಐದು ತುಂಡು ಮಾಡಿಕೊಡಲು ಆಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಪರಿಚಾರಕಿ ನಕ್ಕಳು. ದುಂಡಗಿರುವುದನ್ನು ಸರಿಯಾಗಿ ಐದು ಪಾಲು ಮಾಡುವುದು ಕೋನಮಾಪಕವಿಲ್ಲದೆ ಯಾರಿಂದಲೂ ಆಗದ ಕೆಲಸ ಎಂಬುದು ನಿಜ. ಹೀಗಾಗಿ ಪ್ರತಿ ಸುತ್ತಿನಲ್ಲೂ ಒಂದು ತುಂಡು ತಟ್ಟೆಯ ನಡುವೆ ಒಂಟಿಯಾಗಿ ಉಳಿಯುತ್ತಿತ್ತು, ಐವರೂ ಅದನ್ನು ನೋಡಿಯೂ ನೋಡದವರಂತೆ ಮಾತಾಡುತ್ತಿದ್ದೆವು, ಅದು ಮಾತ್ರ ಯಾರ ಮುಲಾಜಿಗೂ ಕಾಯದೆ ತಣ್ಣಗಾಗುತ್ತಿತ್ತು. ಕೊನೆಗೆ ಗುಂಪಿನಲ್ಲಿ ಲೆಕ್ಕದ ಬುದ್ಧಿಯಿರುವವಳು, ಐದು ಪಿಜ್ಜಾ ತಿಂದರೆ ಮೂವತ್ತು ತುಂಡು, ತಲೆಗೆ ಆರು, ಆದ್ದರಿಂದ ಪ್ರತಿ ಪಿಜ್ಜಾದ ಆರನೆಯ ತುಂಡು ಸರದಿಯಂತೆ ಒಬ್ಬೊಬ್ಬರಿಗೆ ಎಂದು ತೀರ್ಪು ಕೊಟ್ಟಳು. ಐದನೆಯ ಪಿಜ್ಜಾ ಹೇಳುವುದಕ್ಕೆ ನಮಗೆ ಸಿಕ್ಕ ನೆಪ ಇದು.

ಆ ಐದನೆಯದೇ ಒಲೆ ಸೋತ ಪಿಜ್ಜಾ. ಅಷ್ಟು ಹೊತ್ತಿಗೆ ಒಂಬತ್ತು ಗಂಟೆಯಾಗಿತ್ತು, ಮೇಜುಗಳೆಲ್ಲ ತುಂಬಿದ್ದವು, ಬಾಗಿಲ ಬಳಿ ಜನ ನಿಂತಿದ್ದರು. ಒಲೆಯೊಳಗೆ ಒಂದರ ಹಿಂದೆ ಒಂದರಂತೆ, ಕೆಲವೊಮ್ಮೆ ಮೂರು ಒಟ್ಟಿಗೆ ಹೋಗುತ್ತಿದ್ದವು. ಪ್ರತಿಯೊಂದು ಹಸಿ ಪಿಜ್ಜಾ ಹಾಸುಗಲ್ಲಿನಿಂದ ಒಂದಿಷ್ಟು ಶಾಖವನ್ನು ಹೀರಿಕೊಂಡೇ ಹೊರಬರುತ್ತದೆ. ಅದೇ ಜಾಗದಲ್ಲಿ ಬಿಡುವಿಲ್ಲದೆ ಮತ್ತೊಂದನ್ನು ಇಟ್ಟರೆ ಕಲ್ಲಿಗೆ ಮತ್ತೆ ಕಾಯಲು ಸಮಯ ಸಿಗುವುದಿಲ್ಲ. ಗುಮ್ಮಟ ಮಾತ್ರ ಜ್ವಾಲೆಯ ಬಲದಿಂದ ಮೊದಲಿನಂತೆಯೇ ಸುಡುತ್ತಿರುತ್ತದೆ. ನಮಗೆ ಬಂದ ಪಿಜ್ಜಾ ಈ ಅಸಮತೋಲನದ ಪಕ್ಕಾ ಮಾದರಿಯಾಗಿತ್ತು. ಮೆನುವಿನಲ್ಲಿ ಅತಿ ಹೆಚ್ಚು ಸಾಮಗ್ರಿಗಳ ಹೆಸರಿದ್ದುದನ್ನೇ ನಾವು ಆರಿಸಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು: ದಪ್ಪಮೆಣಸಿನಕಾಯಿ, ಈರುಳ್ಳಿ, ಬದನೆ, ಆಲಿವ್, ಎರಡು ಬಗೆಯ ಚೀಸ್. ತರಕಾರಿಗಳು ಬಿಟ್ಟ ನೀರು ನಡುವೆ ಮಡುಗಟ್ಟಿತ್ತು, ಅಂಚಿನ ಮೇಲೆ ಕಪ್ಪು ಗುಳ್ಳೆಗಳಿದ್ದವು, ತಳವನ್ನು ಎತ್ತಿ ನೋಡಿದರೆ ಬಿಳಿ ಕಾಗದದಂತೆ ಪೇಲವವಾಗಿತ್ತು. ಮೇಲಾಗಿ, ಅಂಟಿಕೊಳ್ಳದಿರಲೆಂದು ಸಲಿಕೆಯ ಮೇಲೆ ಉದುರಿಸಿದ ಒಣಹಿಟ್ಟು ಹೆಚ್ಚಾಗಿ, ಅದು ಕಲ್ಲಿನ ಮೇಲೆ ಸೀದು, ತಳದ ಒಂದು ಮೂಲೆಗೆ ಕಹಿಯಾಗಿ ಮೆತ್ತಿಕೊಂಡಿತ್ತು.

ದೂರು ಕೊಡಲು ನಮ್ಮಲ್ಲಿ ಇಬ್ಬರಿಗೆ ಸಂಕೋಚ. ನಾನು ತುಂಡೊಂದನ್ನು ತಿರುಗಿಸಿ ತಳ ಮೇಲಾಗಿ ತಟ್ಟೆಯಲ್ಲಿಟ್ಟು ಪರಿಚಾರಕಿಗೆ ತೋರಿಸಿದೆ. ಅವಳು ಅದನ್ನು ಒಲೆಯ ಬಳಿಗೆ ಒಯ್ದಳು. ಬಾಣಸಿಗ ಅದನ್ನು ನೋಡಿ, ನಮ್ಮ ಕಡೆ ತಿರುಗಿ, "ಕ್ಷಮಿಸಿ, ಕಲ್ಲು ತಣ್ಣಗಾಗಿದೆ. ಹತ್ತು ನಿಮಿಷ ಕೊಡಿ, ಬೇರೆ ಮಾಡಿಕೊಡುತ್ತೇನೆ" ಎಂದ. ಆಮೇಲೆ ಅವನು ಮಾಡಿದ್ದನ್ನು ನೋಡಲು ಇಡೀ ಮೇಜು ತಿರುಗಿ ಕುಳಿತಿತು. ಪಕ್ಕದಲ್ಲಿದ್ದ ಕೆಂಡವನ್ನೆಲ್ಲ ಕಬ್ಬಿಣದ ಕೋಲಿನಿಂದ ಎಳೆದು ಹಾಸುಗಲ್ಲಿನ ಮೇಲೆ ಹರಡಿದ, ಎರಡು ಸೀಳು ಸೌದೆ ಹಾಕಿದ, ಏನೂ ಮಾಡದೆ ಸುಮ್ಮನೆ ನಿಂತ. ಕಾಯುತ್ತಿದ್ದ ಗಿರಾಕಿಗಳ ಎದುರು ಹಾಗೆ ಸುಮ್ಮನೆ ನಿಲ್ಲುವುದಕ್ಕೂ ಧೈರ್ಯ ಬೇಕು. ಕಲ್ಲು ಕಾದ ಮೇಲೆ ಕೆಂಡವನ್ನು ಮತ್ತೆ ಪಕ್ಕಕ್ಕೆ ಒತ್ತಿ, ಬೂದಿಯನ್ನು ಗುಡಿಸಿ, ನಮ್ಮ ಪಿಜ್ಜಾವನ್ನು ಇಟ್ಟ. ಈ ಸಲ ಬಂದದ್ದರ ತಳದಲ್ಲಿ ಚುಕ್ಕೆಗಳಿದ್ದವು. ನಡುವಿನ ನೀರು ಕಡಿಮೆಯಾಗಿತ್ತೇ ಹೊರತು ಪೂರ್ತಿ ಹೋಗಿರಲಿಲ್ಲ. ಅದು ಒಲೆಯ ತಪ್ಪಲ್ಲ, ಅಷ್ಟೊಂದು ಹಸಿ ತರಕಾರಿ ಹೊತ್ತ ಪಿಜ್ಜಾವನ್ನು ಮೆನುವಿನಲ್ಲಿ ಇಟ್ಟವರ ತಪ್ಪು. ತೊಂಬತ್ತು ಸೆಕೆಂಡಿನಲ್ಲಿ ಬದನೆ ಬೇಯುವುದಿಲ್ಲ; ಮೊದಲೇ ಸುಟ್ಟು, ನೀರು ಬಸಿದು ಹಾಕಬೇಕು.

ತಪ್ಪನ್ನು ಒಪ್ಪಿಕೊಂಡು ತಿದ್ದಿದ ಆ ಬಾಣಸಿಗನ ಮೇಲೆ ನನಗೆ ಗೌರವ ಹುಟ್ಟಿತು. ಆಡಳಿತದವರ ಮೇಲೆ ಅಷ್ಟಿಲ್ಲ. ಒಲೆ ಒಂದೇ, ಅದಕ್ಕೊಂದು ಮಿತಿಯಿದೆ. ಒಂಬತ್ತು ಗಂಟೆಗೆ ಎಷ್ಟು ಮೇಜುಗಳಿಗೆ ಒಟ್ಟಿಗೆ ಬಡಿಸಬಹುದು ಎಂಬ ಲೆಕ್ಕವನ್ನು ಒಲೆಯ ಮುಂದೆ ನಿಂತವನನ್ನು ಕೇಳಿ ಹಾಕಬೇಕೇ ವಿನಾ ಕುರ್ಚಿಗಳನ್ನು ಎಣಿಸಿ ಅಲ್ಲ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ನಮ್ಮ ಗುಂಪಿನಲ್ಲಿ ಕಟ್ಟುನಿಟ್ಟಿನ ಸಸ್ಯಾಹಾರಿಯೊಬ್ಬರಿದ್ದಾರೆ. ನಾಲ್ಕು ಚೀಸ್‌ಗಳ ಪಿಜ್ಜಾದಲ್ಲಿ ಯಾವ ಯಾವ ಚೀಸ್ ಇದೆ ಎಂದು ಅವರು ಕೇಳಿದಾಗ ಪರಿಚಾರಕಿ ಹೆಸರುಗಳನ್ನು ಹೇಳಿದಳು, ಅದರಲ್ಲಿ ಪಾರ್ಮಿಜಾನೊ ರೆಜ್ಜಾನೊ ಕೂಡ ಇತ್ತು. ಆ ಹೆಸರಿನ ಅಸಲಿ ಚೀಸ್‌ನಲ್ಲಿ ಹಾಲನ್ನು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವುದು ನಿಯಮ. ಮೆನುವಿನಲ್ಲಿ ಆ ಪಿಜ್ಜಾದ ಮುಂದೆ ಸಸ್ಯಾಹಾರದ ಗುರುತಿತ್ತು. ವಿಚಾರಿಸಿದರೆ ಅಡುಗೆಮನೆಯಿಂದ ಸರಿಯಾದ ಉತ್ತರ ಬರಲಿಲ್ಲ. ಅವರು ಅದನ್ನು ಮುಟ್ಟಲಿಲ್ಲ, ತಮ್ಮ ಪಾಲನ್ನು ಇತರರಿಗೆ ಬಿಟ್ಟುಕೊಟ್ಟು ಮಾರ್ಗರಿಟಾ ಮತ್ತು ಮರಿನಾರಾದಲ್ಲಿ ಸರಿದೂಗಿಸಿಕೊಂಡರು. ನಮ್ಮ ಮೂವತ್ತು ತುಂಡುಗಳ ಸುಂದರ ಲೆಕ್ಕ ತಪ್ಪಿದ್ದು ಹೀಗೆ. ಇಂಥದ್ದರಲ್ಲಿ ನಿಷ್ಠರಾಗಿರುವವರು ಹೇಳುವ ಮೊದಲೇ ಕೇಳಿಕೊಳ್ಳುವುದು ಒಳಿತು, ಇಲ್ಲವೇ ಮರಿನಾರಾಕ್ಕೆ ಶರಣಾಗಬಹುದು. ಹಾಗೆಯೇ ಗೋಧಿಯ ಗ್ಲುಟೆನ್ ಆಗದವರಿಗೆ ಇದು ತಕ್ಕ ಜಾಗವಲ್ಲ. ಗಾಳಿಯಲ್ಲೇ ಹಿಟ್ಟು ಹಾರಾಡುವ ಇಂಥ ಅಡುಗೆಮನೆಯಲ್ಲಿ ಬೇರೆ ಹಿಟ್ಟು ಬಳಸಿದರೂ ಪ್ರಯೋಜನವಿಲ್ಲ.

ಪಾನೀಯಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಸಲಾಡ್ ತಾಜಾ ಇತ್ತು. ತಿರಮಿಸು ಎಂಬ ಇಟಲಿಯ ಸಿಹಿತಿನಿಸನ್ನು ಎರಡು ತಟ್ಟೆ ತರಿಸಿ ಐದು ಚಮಚ ಹಾಕಿದೆವು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ತೊಯ್ದು ಮುದ್ದೆಯಾಗಿರಲಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಬಿಲ್‌ನಲ್ಲಿ ಹಿಂದಿರುಗಿಸಿದ ಪಿಜ್ಜಾವನ್ನು ಸೇರಿಸಿರಲಿಲ್ಲ. ಗದ್ದಲ ಮಾತ್ರ ವಿಪರೀತ: ಗೋಡೆಗೆ ಹೆಂಚು, ನೆಲಕ್ಕೆ ಕಲ್ಲು, ಶಬ್ದವನ್ನು ಹೀರುವಂಥದ್ದು ಏನೂ ಇಲ್ಲದ್ದರಿಂದ ಎಂಟೂವರೆಯ ನಂತರ ಎದುರಿಗೆ ಕುಳಿತವರ ಜೊತೆ ಮಾತಾಡಲೂ ಗಂಟಲು ಏರಿಸಬೇಕಾಯಿತು. ಬಹುದಿನಗಳ ಮೇಲೆ ಸೇರಿ ಮನಬಿಚ್ಚಿ ಹರಟಬೇಕೆಂದುಕೊಂಡು ಹೋಗುವವರು ಇದನ್ನು ಗಮನದಲ್ಲಿಡಬೇಕು.

ಏಳು ಗಂಟೆಗೇ ಹೋಗಿ, ಒಲೆಗೆ ಹತ್ತಿರದ ಮೇಜು ಕೇಳಿ. ಎಷ್ಟೇ ಹಸಿವಾಗಿದ್ದರೂ ಒಂದು ಸಲಕ್ಕೆ ಒಂದೇ ಪಿಜ್ಜಾ ಹೇಳಿ. ಮೂರಕ್ಕಿಂತ ಹೆಚ್ಚು ಸಾಮಗ್ರಿಗಳಿರುವ ಹೆಸರುಗಳನ್ನು ಬಿಟ್ಟುಬಿಡಿ. ಮಿಕ್ಕದ್ದನ್ನು ಕಟ್ಟಿಸಿಕೊಂಡರೆ ಡಬ್ಬದ ಮುಚ್ಚಳವನ್ನು ಮನೆಯವರೆಗೂ ತುಸು ತೆರೆದೇ ಇಡಿ, ಇಲ್ಲದಿದ್ದರೆ ಒಳಗಿನ ಆವಿ ಅದನ್ನು ಒದ್ದೆ ಬಟ್ಟೆ ಮಾಡುತ್ತದೆ. ಮರುದಿನ ಒಣಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟರೆ ತಳ ಮತ್ತೆ ಗರಿಯಾಗುತ್ತದೆ. ನಮ್ಮ ಪಾಲಿಗೆ ಮಿಕ್ಕದ್ದು ತರಕಾರಿ ಪಿಜ್ಜಾದ ಆರನೆಯ ತುಂಡು. ಸರದಿಯಂತೆ ಅದು ನನ್ನದಾಗಿತ್ತು. ಮರುದಿನ ಬೆಳಿಗ್ಗೆ ಬಾಣಲೆಯಲ್ಲಿ ಅದರ ಬದನೆಯೂ ಬೆಂದಿತು.